ದೈತ್ಯ ಹಿಮಬಂಡೆಯ ಜಾಡು ಹಿಡಿಯಲು ಯಾವ ಉಪಗ್ರಹ?

2024ರಲ್ಲಿ ಎ23ಎ ಎಂಬ ಹಿಮಬಂಡೆ ತಿಂಗಳುಗಟ್ಟಲೆ ಒಂದೇ ಕಡೆ ಇತ್ತು. ಅದು ಅಂಟಾರ್ಕ್ಟಿಕಾದ ಫಿಲ್ಶ್ನರ್ ಐಸ್ ಶೆಲ್ಫಿನಿಂದ (ನೆಲದ ಹಿಮ ಕಡಲ ಮೇಲೆ ಚಾಚಿ ತೇಲುವ ಭಾಗ) 1986ರಲ್ಲಿ ಕಳಚಿಕೊಂಡದ್ದು. ವೆಡೆಲ್ ಸಮುದ್ರದ ತಳಕ್ಕೆ ಕಚ್ಚಿಕೊಂಡು ಮೂವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಕೂತಿತ್ತು. 2020ರ ಹೊತ್ತಿಗೆ ತಳ ಬಿಟ್ಟು ಹೊರಟಿತು. ಆಮೇಲೆ ದಕ್ಷಿಣ ಆರ್ಕ್ನಿ ದ್ವೀಪಗಳ ಹತ್ತಿರ ಬಂದು ಮತ್ತೆ ನಿಂತಿತು.

ನಿಜಕ್ಕೂ ನಿಂತಿತಾ? ಅಕ್ಷಾಂಶ, ರೇಖಾಂಶ ಮಾತ್ರ ನೋಡುತ್ತಿದ್ದವರಿಗೆ ಹಾಗೇ ಕಂಡಿತು. ಚಿತ್ರ ನೋಡುತ್ತಿದ್ದವರಿಗೆ ಬೇರೆಯೇ ಕಂಡಿತು. ಬಂಡೆ ದಿನಕ್ಕೆ ಸುಮಾರು 15 ಡಿಗ್ರಿಯಂತೆ ನಿಂತಲ್ಲೇ ತಿರುಗುತ್ತಿತ್ತು. ಕಡಲ ತಳದಲ್ಲಿ ಅಲ್ಲೊಂದು ದಿಬ್ಬವಿದೆ. ಅದರ ಮೇಲೆ ನೀರು ಕಂಬದ ಹಾಗೆ ನಿಂತು ಸುತ್ತುತ್ತದೆ. ಇದಕ್ಕೆ ಟೇಲರ್ ಕಾಲಮ್ ಎನ್ನುತ್ತಾರೆ. ಬಂಡೆ ಅದರೊಳಗೆ ಸಿಕ್ಕಿಬಿದ್ದಿತ್ತು.

ಎರಡು ಮಾಹಿತಿಯೂ ಸರಿ. ಒಂದು 'ಎಲ್ಲಿದೆ' ಎಂದು ಹೇಳಿತು, ಇನ್ನೊಂದು 'ಏನು ಮಾಡುತ್ತಿದೆ' ಎಂದು ಹೇಳಿತು. ಹಾಗಾಗಿ 'ಯಾವ ಉಪಗ್ರಹ ಒಳ್ಳೆಯದು' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮಗೆ ಬೇಕಾದ್ದು ಬಂಡೆ ಇರುವ ಜಾಗವಾ, ಆಕಾರವಾ, ದಪ್ಪವಾ ಎನ್ನುವುದು ಮೊದಲು ತೀರ್ಮಾನ ಆಗಬೇಕು. ಹೊಸಬರು ಸಾಮಾನ್ಯವಾಗಿ ಪಿಕ್ಸೆಲ್ ಎಷ್ಟು ಸಣ್ಣದು ಅಂತ ನೋಡಿ ಆರಿಸುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಧ್ರುವದ ಕಡಲಲ್ಲಿ ನಿಜವಾದ ಕಷ್ಟ ಚಿತ್ರ ಮಸುಕಾಗುವುದಲ್ಲ, ಚಿತ್ರವೇ ಸಿಗದಿರುವುದು. ನಡುವೆ ಎರಡು ವಾರ ಖಾಲಿ ಹೋದರೆ, ಆಮೇಲೆ ಕಂಡ ಬಂಡೆ ಅದೇ ಹಳೆಯದಾ ಅಥವಾ ಅದರ ಪಕ್ಕದ್ದಾ ಅಂತ ಹೇಳುವುದೇ ದೊಡ್ಡ ಕೆಲಸ.

ಮೊದಲು ಸಿದ್ಧ ಪಟ್ಟಿ ಸಾಕಾ ನೋಡಿ

ಬಹಳ ಜನರಿಗೆ ಉಪಗ್ರಹದ ಕಚ್ಚಾ ಚಿತ್ರವೇ ಬೇಕಾಗಿರುವುದಿಲ್ಲ. ಅಮೆರಿಕದ ನ್ಯಾಷನಲ್ ಐಸ್ ಸೆಂಟರ್ ಅಂಟಾರ್ಕ್ಟಿಕಾದ ದೊಡ್ಡ ಹಿಮಬಂಡೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ಹೊರಡಿಸುತ್ತದೆ. ಅದರಲ್ಲಿ ಹೆಸರು, ಜಾಗ, ಉದ್ದ, ಅಗಲ ಇರುತ್ತವೆ. ಕೊನೆಗೆ ನೋಡಿದ ದಿನವೂ ಇರುತ್ತದೆ. ಎಲ್ಲ ಪುಕ್ಕಟೆ.

ಹೆಸರಿಡುವ ಕ್ರಮ ಸರಳ. ಅಂಟಾರ್ಕ್ಟಿಕಾವನ್ನು ರೇಖಾಂಶದ ಪ್ರಕಾರ ನಾಲ್ಕು ಪಾಲು ಮಾಡಿ ಎ, ಬಿ, ಸಿ, ಡಿ ಎಂದು ಕರೆದಿದ್ದಾರೆ. ಬಂಡೆ ಮೊದಲು ಕಂಡ ಪಾಲಿನ ಅಕ್ಷರ, ಆಮೇಲೆ ಸರದಿಯ ಸಂಖ್ಯೆ. ಬಂಡೆ ಒಡೆದರೆ ತುಂಡುಗಳಿಗೆ ಹಿಂದೆ ಒಂದೊಂದು ಅಕ್ಷರ ಸೇರುತ್ತದೆ. 2000ದ ಮಾರ್ಚ್‌ನಲ್ಲಿ ರಾಸ್ ಐಸ್ ಶೆಲ್ಫಿನಿಂದ ಕಳಚಿದ ಬಿ15ರ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್ ಇತ್ತು. ಅದು ಒಡೆದಾಗ ಹುಟ್ಟಿದ್ದು ಬಿ15ಎ, ಬಿ15ಬಿ ಇತ್ಯಾದಿ. ಬಂಡೆ ಎಷ್ಟೇ ದೂರ ತೇಲಿ ಹೋದರೂ ಹುಟ್ಟಿದ ಕಡೆಯ ಅಕ್ಷರ ಬದಲಾಗುವುದಿಲ್ಲ.

ಪಟ್ಟಿ ಸೇರಬೇಕಾದರೆ ಬಂಡೆಯ ಉದ್ದ ಕನಿಷ್ಠ 10 ನಾಟಿಕಲ್ ಮೈಲಿ, ಅಂದರೆ 18.5 ಕಿಲೋಮೀಟರ್ ಇರಬೇಕು. ಇಲ್ಲವೇ ವಿಸ್ತೀರ್ಣ 20 ಚದರ ನಾಟಿಕಲ್ ಮೈಲಿ ಇರಬೇಕು. ಅದು ಸುಮಾರು 69 ಚದರ ಕಿಲೋಮೀಟರ್. ಅದಕ್ಕಿಂತ ಚಿಕ್ಕದಾದರೆ ಹೆಸರಿಲ್ಲ, ದಾಖಲೆಯೂ ಇಲ್ಲ. ಇನ್ನೊಂದು ಮಾತು. ಪಟ್ಟಿ ಹೊಸದಾಗಿದ್ದರೂ ಅದರ ಒಂದೊಂದು ಸಾಲು ಹಳೆಯದಾಗಿರಬಹುದು. ಪಟ್ಟಿ ಬಂದ ದಿನವನ್ನಲ್ಲ, ಆ ಬಂಡೆಯನ್ನು ಕೊನೆಗೆ ನೋಡಿದ ದಿನವನ್ನು ಓದಿ.

ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ಇನ್ನೊಂದು ದಾಖಲೆ ಇಟ್ಟಿದ್ದಾರೆ. ಅದು ವಾರದ ಪಟ್ಟಿ ಅಲ್ಲ, ಒಂದೊಂದು ಬಂಡೆಯ ಇಡೀ ಪಯಣದ ಜಾಡು. 1978ರ ಸೀಸ್ಯಾಟ್ ಉಪಗ್ರಹದ ಮಾಹಿತಿಯೂ ಅದರಲ್ಲಿದೆ. 'ಕಳೆದ ಮೂವತ್ತು ವರ್ಷಗಳಲ್ಲಿ ವೆಡೆಲ್ ಸಮುದ್ರದಿಂದ ಹೊರಬಿದ್ದ ಬಂಡೆಗಳು ಯಾವ ದಾರಿ ಹಿಡಿದವು' ಎನ್ನುವಂಥ ಪ್ರಶ್ನೆ ನಿಮ್ಮದಾದರೆ ಸುಮ್ನೆ ಚಿತ್ರಗಳ ರಾಶಿ ಡೌನ್‌ಲೋಡ್ ಮಾಡಬೇಡಿ. ಈ ದಾಖಲೆ ತೆಗೆದುಕೊಂಡು ನಕ್ಷೆ ಮೇಲೆ ಗೆರೆ ಎಳೆದರೆ ಆಯಿತು.

ಈ ಎರಡರಲ್ಲೂ ಸಿಗದ್ದು ಬಂಡೆಯ ಅಂಚು. ಉದ್ದ, ಅಗಲ ಗುಣಿಸಿದರೆ ವಿಸ್ತೀರ್ಣ ಬರುವುದಿಲ್ಲ, ಯಾಕೆಂದರೆ ಬಂಡೆಗಳು ಚೌಕಾಕಾರ ಇರುವುದಿಲ್ಲ. ಅಂಚಿನಿಂದ ತುಂಡು ಬಿತ್ತಾ, ಬಿರುಕು ಬಿಟ್ಟಿತಾ, ತಿರುಗಿತಾ ಎಂದು ತಿಳಿಯಬೇಕಾದರೆ ಚಿತ್ರವೇ ಬೇಕು.

ಬಣ್ಣದ ಚಿತ್ರ: ನೋಡಲು ಚಂದ, ನಂಬಲು ಕಷ್ಟ

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ನಾಸಾದ ಜಾಲತಾಣ ವರ್ಲ್ಡ್‌ವ್ಯೂ ತೆರೆದರೆ ಸಾಕು, ಅದೇ ದಿನದ ಭೂಮಿಯ ಚಿತ್ರ ಕಾಣುತ್ತದೆ. ಟೆರ್ರಾ ಮತ್ತು ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ಚಿತ್ರದಲ್ಲಿ ಒಂದು ಪಿಕ್ಸೆಲ್ 250 ಮೀಟರ್. ವಿಯರ್ಸ್ ಉಪಕರಣದ್ದು 375 ಮೀಟರ್. 20 ಕಿಲೋಮೀಟರ್ ಉದ್ದದ ಬಂಡೆಗೆ ಇದು ಧಾರಾಳ. ಧ್ರುವದ ಹತ್ತಿರ ಉಪಗ್ರಹಗಳ ದಾರಿಗಳೆಲ್ಲ ಒಂದಕ್ಕೊಂದು ಹತ್ತಿರ ಬರುವುದರಿಂದ ಒಂದೇ ಜಾಗ ದಿನಕ್ಕೆ ಹಲವು ಸಲ ಸಿಗುತ್ತದೆ. ಟೆರ್ರಾ 1999ರಲ್ಲಿ, ಆಕ್ವಾ 2002ರಲ್ಲಿ ಹಾರಿದವು. ಎರಡಕ್ಕೂ ವಯಸ್ಸಾಗಿದೆ. ಹೊಸದಾಗಿ ಕೆಲಸ ಶುರು ಮಾಡುವವರು ವಿಯರ್ಸ್ ಮೇಲೆ ಕೈ ಪಳಗಿಸಿಕೊಳ್ಳುವುದು ಜಾಣತನ.

ಇನ್ನೂ ಸ್ಪಷ್ಟವಾಗಿ ಬೇಕೆಂದರೆ 30 ಮೀಟರಿನ ಲ್ಯಾಂಡ್‌ಸ್ಯಾಟ್ ಇದೆ, 10 ಮೀಟರಿನ ಸೆಂಟಿನೆಲ್-2 ಇದೆ. ಆದರೆ ಇವು ನೆಲ ಮತ್ತು ಕರಾವಳಿಗಾಗಿ ಮಾಡಿದ ಉಪಗ್ರಹಗಳು. ಬಂಡೆ ದಡ ಬಿಟ್ಟು ಬಯಲು ಕಡಲಿಗೆ ಹೋಯಿತೋ, ಇವುಗಳ ಕಣ್ಣು ಅತ್ತ ಹೋಗುವುದೇ ಅಪರೂಪ. ಐಸ್ ಶೆಲ್ಫಿನಲ್ಲಿ ಬಿರುಕು ಬೆಳೆಯುವುದನ್ನು ನೋಡಲು ಲ್ಯಾಂಡ್‌ಸ್ಯಾಟ್ ಚೆನ್ನ. ಕಳಚಿ ಹೊರಟ ಮೇಲೆ ಅದನ್ನು ನೆಚ್ಚಿಕೊಳ್ಳಬೇಡಿ.

ಬಣ್ಣದ ಚಿತ್ರಕ್ಕೆ ಎರಡು ಶತ್ರುಗಳು, ಮೋಡ ಮತ್ತು ಕತ್ತಲೆ. ದಕ್ಷಿಣ ಮಹಾಸಾಗರದ ಮೇಲೆ ಮೋಡ ಇಲ್ಲದ ದಿನವೇ ಕಡಿಮೆ. ಮೋಡವೂ ಬಿಳಿ, ಬಂಡೆಯೂ ಬಿಳಿ. ಚಳಿಗಾಲದಲ್ಲಂತೂ ಸೂರ್ಯನೇ ಇರುವುದಿಲ್ಲ. ಆಗ ಶಾಖ ಗ್ರಹಿಸುವ ಥರ್ಮಲ್ ಚಿತ್ರ ಸ್ವಲ್ಪ ಸಹಾಯಕ್ಕೆ ಬರುತ್ತದೆ. 2017ರ ಜುಲೈನಲ್ಲಿ ಲಾರ್ಸನ್ ಸಿ ಐಸ್ ಶೆಲ್ಫಿನಿಂದ ಎ68 ಕಳಚಿಕೊಂಡಾಗ ಅಲ್ಲಿ ಧ್ರುವದ ರಾತ್ರಿ. ಬಿರುಕಿನಲ್ಲಿ ಕಾಣುತ್ತಿದ್ದ ಕಡಲ ನೀರು ಮಂಜುಗಡ್ಡೆಗಿಂತ ಬೆಚ್ಚಗಿತ್ತು. ಥರ್ಮಲ್ ಚಿತ್ರದಲ್ಲಿ ಅದು ಗೆರೆಯಾಗಿ ಮೂಡಿತು, ಬಂಡೆ ಬೇರೆಯಾದದ್ದು ಖಚಿತವಾಯಿತು. ಆದರೆ ಮೋಡ ಬಂದರೆ ಥರ್ಮಲ್ಲೂ ಕುರುಡು.

ಇನ್ನೊಂದು ಸಣ್ಣ ಎಚ್ಚರಿಕೆ. ವರ್ಲ್ಡ್‌ವ್ಯೂನಲ್ಲಿ ಕಾಣುವ ದಿನದ ಚಿತ್ರ ಒಂದೇ ಕ್ಷಣದ್ದಲ್ಲ. ಬೇರೆ ಬೇರೆ ಹೊತ್ತಿನ ಚಿತ್ರದ ಪಟ್ಟಿಗಳನ್ನು ಸೇರಿಸಿ ಹೊಲಿದದ್ದು. ಬಯಲು ಕಡಲಿಗೆ ಬಂದ ಬಂಡೆ ದಿನಕ್ಕೆ ಹತ್ತಾರು ಕಿಲೋಮೀಟರ್ ಸಾಗುವುದೂ ಉಂಟು. ಹೊಲಿಗೆ ಅದರ ಮೇಲೇ ಬಿದ್ದರೆ ಬಂಡೆ ತುಂಡಾದ ಹಾಗೆ ಕಾಣುತ್ತದೆ. 'ಬಂಡೆ ಒಡೆಯಿತು' ಅಂತ ಬರೆಯುವ ಮುಂಚೆ ಆ ಗೆರೆ ತೀರಾ ನೇರವಾಗಿದೆಯಾ ನೋಡಿ.

ಸಾರ್ ರೇಡಾರ್: ಒಂದನ್ನೇ ಆರಿಸಬೇಕೆಂದರೆ ಇದು

ಸಾರ್ ಎಂದರೆ ಸಿಂಥೆಟಿಕ್ ಅಪರ್ಚರ್ ರೇಡಾರ್. ಕತ್ತಲಲ್ಲಿ ಟಾರ್ಚ್ ಹಿಡಿದವರ ಹಾಗೆ ಇದು ತನ್ನ ಬೆಳಕನ್ನು ತಾನೇ ತರುತ್ತದೆ. ಮೈಕ್ರೊವೇವ್ ಅಲೆ ಕಳಿಸಿ, ವಾಪಸು ಬಂದದ್ದನ್ನು ಅಳೆಯುತ್ತದೆ. ಮೋಡ, ಕತ್ತಲೆ ಎರಡೂ ಇದಕ್ಕೆ ಲೆಕ್ಕಕ್ಕಿಲ್ಲ.

ಕೈಗೆಟಕುವ ಸಾರ್ ಎಂದರೆ ಯುರೋಪಿನ ಸೆಂಟಿನೆಲ್-1. ಚಿತ್ರಗಳು ಪುಕ್ಕಟೆ, ಕೋಪರ್ನಿಕಸ್ ಬ್ರೌಸರಿನಲ್ಲಿ ಖಾತೆ ತೆರೆದರೆ ಸಿಗುತ್ತವೆ. ಧ್ರುವದ ಕಡಲಿಗೆ ಅದರ 'ಎಕ್ಸ್‌ಟ್ರಾ ವೈಡ್' ವಿಧಾನ ಬಳಸುತ್ತಾರೆ. ಒಂದು ಸಲಕ್ಕೆ 400 ಕಿಲೋಮೀಟರ್ ಅಗಲದ ಪಟ್ಟಿ, ಸುಮಾರು 40 ಮೀಟರಿನ ಪಿಕ್ಸೆಲ್. ದೈತ್ಯ ಬಂಡೆಯ ಅಂಚನ್ನು ಗೆರೆ ಎಳೆದ ಹಾಗೆ ಗುರುತಿಸಬಹುದು.

ಒಂದು ಚಿತ್ರ ತೆರೆದರೆ ಏನು ಕಾಣುತ್ತದೆ? ಚಳಿಗಾಲದ್ದಾದರೆ ಬಂಡೆ ಒಂದೇ ಸಮನಾದ ತಿಳಿ ಬೂದು ಹಲಗೆ. ಸುತ್ತಲಿನ ಕಡಲ ಮಂಜುಗಡ್ಡೆ ಅದಕ್ಕಿಂತ ಗಾಢ, ಬಿರುಕು ಮಡಿಕೆಗಳಿಂದ ತುಂಬಿದ್ದು. ರೇಡಾರ್ ಇರುವ ಕಡೆಯ ಅಂಚು ಬೆಳ್ಳಗೆ ಹೊಳೆಯುತ್ತದೆ, ಯಾಕೆಂದರೆ ಅಲ್ಲಿನ ಕಡಿದಾದ ಗೋಡೆ ಅಲೆಯನ್ನು ನೇರ ವಾಪಸು ಕಳಿಸುತ್ತದೆ. ಎದುರು ಬದಿಯಲ್ಲಿ ತೆಳುವಾದ ಕಪ್ಪು ನೆರಳು. ಗಾಳಿ ಬೀಸುವ ದಿಕ್ಕಿನ ಮರೆಯಲ್ಲಿ ಕೆಲವೊಮ್ಮೆ ಕಪ್ಪು ನೀರಿನ ಬಾಲ ಇರುತ್ತದೆ. ಕಡಲ ಮಂಜುಗಡ್ಡೆ ಒಂದು ವೇಗದಲ್ಲಿ, ಬಂಡೆ ಇನ್ನೊಂದು ವೇಗದಲ್ಲಿ ಸಾಗಿದ್ದರಿಂದ ನಡುವೆ ಬಿಟ್ಟುಹೋದ ಜಾಗ ಅದು. ಬಂಡೆಯ ಬಹುಪಾಲು ನೀರಿನ ಕೆಳಗಿರುವುದರಿಂದ ಅದನ್ನು ಎಳೆಯುವುದು ಹೆಚ್ಚಾಗಿ ಕಡಲ ಪ್ರವಾಹ. ಮೇಲಿನ ತೆಳು ಮಂಜುಗಡ್ಡೆಯನ್ನು ತಳ್ಳುವುದು ಹೆಚ್ಚಾಗಿ ಗಾಳಿ. ಆ ಬಾಲ ಕಂಡರೆ ಬಂಡೆಯನ್ನು ಗುರುತಿಸಿದ್ದು ಸರಿ ಎಂದು ಧೈರ್ಯವಾಗಿ ಹೇಳಬಹುದು.

ಬೇಸಗೆ ಬಂದರೆ ಇದೆಲ್ಲ ತಲೆಕೆಳಗು. ಮೇಲಿನ ಹಿಮ ಕರಗಿ ಒದ್ದೆಯಾದಾಗ ಅಲೆಯನ್ನು ಹೀರಿಕೊಳ್ಳುತ್ತದೆ. ನಿನ್ನೆ ಬೆಳ್ಳಗಿದ್ದ ಬಂಡೆ ಇವತ್ತು ಕಪ್ಪು. ಗಾಳಿ ಜೋರಾಗಿದ್ದರೆ ಅಲೆಗಳೆದ್ದ ಕಡಲೇ ಬಂಡೆಗಿಂತ ಬೆಳ್ಳಗಾಗುತ್ತದೆ. ಇವೆರಡರ ನಡುವೆ ಒಂದು ದಿನ ಬರುತ್ತದೆ. ಬಂಡೆಯೂ ಕಡಲೂ ಒಂದೇ ಬೂದು. ಆಗ ಬರಿಗಣ್ಣಿಗೂ ಕಾಣದು, ಕಂಪ್ಯೂಟರಿಗೂ ಕಾಣದು. ಇಂಥ ಕಡೆ ಎರಡು ಪೋಲರೈಸೇಷನ್ (ರೇಡಾರ್ ಅಲೆ ಕಂಪಿಸುವ ದಿಕ್ಕು) ಇರುವ ಚಿತ್ರ ಕೈ ಹಿಡಿಯುತ್ತದೆ. ಎಚ್‌ಎಚ್ ಎನ್ನುವುದರಲ್ಲಿ ಕಡಲ ಅಲೆಗಳ ಗದ್ದಲ ಜಾಸ್ತಿ. ಎಚ್‌ವಿ ಎನ್ನುವುದರಲ್ಲಿ ಕಡಲು ಬಹುಮಟ್ಟಿಗೆ ಕಪ್ಪಾಗಿಯೇ ಉಳಿದು ಬಂಡೆ ಎದ್ದು ಕಾಣುತ್ತದೆ. ಎರಡೂ ಸಿಗುವಾಗ ಒಂದನ್ನೇ ಇಳಿಸಿಕೊಳ್ಳುವುದು ದಡ್ಡತನ.

ಸೆಂಟಿನೆಲ್-1ರ ದೊಡ್ಡ ಕೊರತೆ ಬೇರೆ ಇದೆ. ಅದು ಎಲ್ಲೆಲ್ಲೂ ಚಿತ್ರ ತೆಗೆಯುವುದಿಲ್ಲ. ಮೊದಲೇ ಹಾಕಿಕೊಂಡ ಯೋಜನೆಯಂತೆ ಅಂಟಾರ್ಕ್ಟಿಕಾದ ಕರಾವಳಿ ಮತ್ತು ಕಡಲ ಮಂಜುಗಡ್ಡೆಯ ಪಟ್ಟಿ ಚೆನ್ನಾಗಿ ಸಿಗುತ್ತದೆ. ಬಯಲು ಸಾಗರದ ಮೇಲೆ ಅದು 'ವೇವ್' ವಿಧಾನಕ್ಕೆ ಬದಲಾಗುತ್ತದೆ. ಆಗ ಸಿಗುವುದು ನೂರು ಕಿಲೋಮೀಟರಿಗೊಂದರಂತೆ 20 ಕಿಲೋಮೀಟರ್ ಅಗಲದ ಚಿಕ್ಕ ಚೌಕಗಳು. ಅವುಗಳ ಸಂದಿಯಲ್ಲಿ ದೈತ್ಯ ಬಂಡೆಯೂ ನುಸುಳಿ ಹೋಗಬಹುದು. ಬಂಡೆ ಉತ್ತರಕ್ಕೆ ಬಂದ ಹಾಗೆ, ಅಂದರೆ ಹಡಗುಗಳಿಗೂ ದ್ವೀಪಗಳಿಗೂ ಹತ್ತಿರವಾದ ಹಾಗೆ ಚಿತ್ರಗಳು ವಿರಳವಾಗುವುದು ಸ್ವಲ್ಪ ವಿಚಿತ್ರವೇ, ಅಲ್ವಾ?

ಒಂದೇ ಉಪಗ್ರಹವನ್ನು ನಂಬಿ ಕೂರುವ ಅಪಾಯವನ್ನೂ ಇದೇ ಸರಣಿ ತೋರಿಸಿತು. 2021ರ ಡಿಸೆಂಬರಿನಲ್ಲಿ ಸೆಂಟಿನೆಲ್-1ಬಿ ಕೆಟ್ಟು ನಿಂತಿತು. ಅದರ ಜಾಗ ತುಂಬಲು 1ಸಿ ಹಾರಿದ್ದು 2024ರ ಡಿಸೆಂಬರಿನಲ್ಲಿ. ನಡುವಿನ ಮೂರು ವರ್ಷ 1ಎ ಒಂದೇ ದುಡಿಯಿತು. ಈಗ ಬೇರೆ ದಾರಿಗಳೂ ಇವೆ. ಕೆನಡಾದ ರೇಡಾರ್‌ಸ್ಯಾಟ್ ಕಾನ್‌ಸ್ಟೆಲೇಶನ್ ಮಿಷನ್ನಿನ ಮೂರು ಉಪಗ್ರಹಗಳು 2019ರಿಂದ ಹಾರುತ್ತಿವೆ. ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಹಾರಿತು. ಇದರ ಎಲ್-ಬ್ಯಾಂಡ್ ಅಲೆ ಉದ್ದ ಜಾಸ್ತಿ, ಸುಮಾರು 24 ಸೆಂಟಿಮೀಟರ್. ಅದು ಹಿಮದೊಳಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ನಿಸಾರ್ ಹಾರುವಾಗ ಎಡಕ್ಕೆ ಮಾತ್ರ ನೋಡುವುದರಿಂದ ಅಂಟಾರ್ಕ್ಟಿಕಾ ಚೆನ್ನಾಗಿ ಸಿಗುತ್ತದೆ. ಆದರೆ ಅದು ಅದೇ ದಾರಿಗೆ ಮರಳುವುದು 12 ದಿನಕ್ಕೊಮ್ಮೆ. ದಿನದಿನದ ಜಾಡಿಗೆ ಅದೊಂದೇ ಸಾಲದು.

ಐಸ್‌ಐ ತರಹದ ಖಾಸಗಿ ಸಾರ್ ಕಂಪನಿಗಳು ಒಂದು ಮೀಟರಿನ ಆಸುಪಾಸಿನ ಚಿತ್ರ ಕೊಡುತ್ತವೆ. ಬೇಕಾದ ದಿನ, ಬೇಕಾದ ಜಾಗಕ್ಕೆ ಹೇಳಿ ತೆಗೆಸಬಹುದು. ದುಡ್ಡು ಕೊಡಬೇಕು, ಚಿತ್ರದ ಹರವೂ ಚಿಕ್ಕದು. 100 ಕಿಲೋಮೀಟರ್ ಉದ್ದದ ಬಂಡೆಗೆ ಇದು ತಕ್ಕ ಉಪಕರಣವೇ ಅಲ್ಲ.

ಅಂಚು ಗುರುತಿಸುವ ಕೆಲಸ ಕೈಯಿಂದಲೋ, ಯಂತ್ರದಿಂದಲೋ? ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಉದಾಹರಣೆಗಳಿಂದ ಕಲಿಯುವ ಒಂದು ನ್ಯೂರಲ್ ನೆಟ್‌ವರ್ಕ್ ತೋರಿಸಿದರು. ಸೆಂಟಿನೆಲ್-1ರ ಚಿತ್ರದಲ್ಲಿ ಬಂಡೆಯ ಅಂಚನ್ನು ಅದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಎಳೆಯುತ್ತದೆ. ನೂರಾರು ಚಿತ್ರ ಇದ್ದವರಿಗೆ ಇಂಥದ್ದು ಬೇಕೇ ಬೇಕು. ಒಂದೇ ಬಂಡೆಯ ಹಿಂದೆ ಬಿದ್ದವರಿಗೆ ಕೈಯಿಂದ ಎಳೆಯುವುದೇ ಒಳ್ಳೆಯದು ಎನ್ನುತ್ತೇನೆ. ಹಾಗೆ ಎಳೆಯುವಾಗ ನೀವು ಒಂದೊಂದು ಮೂಲೆಯನ್ನೂ ನೋಡಿರುತ್ತೀರಿ. ಬಂಡೆಗೆ ಹೆಸರು ಕೊಡುವ ಹೊತ್ತಿಗೆ ಬೇಕಾಗುವುದು ಆ ಮೂಲೆಗಳ ನೆನಪೇ.

ಸ್ಕ್ಯಾಟರೋಮೀಟರ್: ಮಸುಕು, ಆದರೆ ದಿನ ತಪ್ಪಿಸದು

ಇದು ಕಡಲ ಮೇಲಿನ ಗಾಳಿ ಅಳೆಯಲೆಂದು ಮಾಡಿದ ರೇಡಾರ್. ಹಿಮಬಂಡೆಗೆ ಉಪಯೋಗವಾದದ್ದು ಅದೃಷ್ಟ. ಐಸ್ ಶೆಲ್ಫಿನ ಮಂಜುಗಡ್ಡೆ ಕಡಲ ಮಂಜುಗಡ್ಡೆಗಿಂತ ಜಾಸ್ತಿ ಅಲೆಯನ್ನು ವಾಪಸು ಕಳಿಸುತ್ತದೆ. ಹಾಗಾಗಿ ಚಿತ್ರದಲ್ಲಿ ಬಂಡೆ ಒಂದು ಬಿಳಿ ಚುಕ್ಕೆ. ಮೂಲ ಅಳತೆ 25 ಕಿಲೋಮೀಟರಿನ ಆಸುಪಾಸು. ಹಲವು ಸುತ್ತುಗಳ ಮಾಹಿತಿ ಸೇರಿಸಿ ಅದನ್ನು ಕೆಲವೇ ಕಿಲೋಮೀಟರಿಗೆ ಇಳಿಸುತ್ತಾರೆ. ಐದಾರು ಕಿಲೋಮೀಟರಿಗಿಂತ ಚಿಕ್ಕ ಬಂಡೆ ಇದರಲ್ಲಿ ಕಾಣುವುದು ಕಷ್ಟ.

ಇಷ್ಟು ಮಸುಕಾದದ್ದು ಯಾಕೆ ಬೇಕು? ಬಿ10ಎ ಕಥೆ ಕೇಳಿ. 1992ರಲ್ಲಿ ಥ್ವೇಟ್ಸ್ ಹಿಮನದಿಯಿಂದ ಕಳಚಿದ ಬಂಡೆಯ ತುಂಡು ಅದು. ಚಳಿಗಾಲದ ಕತ್ತಲೆ, ಮೋಡಗಳ ನಡುವೆ ಅದರ ಜಾಡು ತಪ್ಪಿಹೋಗಿತ್ತು. 1999ರಲ್ಲಿ ಹೊಸದಾಗಿ ಹಾರಿದ ಕ್ವಿಕ್‌ಸ್ಕ್ಯಾಟ್ ತನ್ನ ಶುರುವಿನ ಚಿತ್ರಗಳಲ್ಲೇ ಅದನ್ನು ಹುಡುಕಿಕೊಟ್ಟಿತು. ಬಂಡೆ ಅಷ್ಟರಲ್ಲಿ ಹಡಗುಗಳು ಓಡಾಡುವ ಡ್ರೇಕ್ ಜಲಮಾರ್ಗಕ್ಕೆ ಬಂದಿತ್ತು. ಕ್ವಿಕ್‌ಸ್ಕ್ಯಾಟ್ 1,800 ಕಿಲೋಮೀಟರ್ ಅಗಲದ ಪಟ್ಟಿಯನ್ನು ಒಂದೇ ಸಲಕ್ಕೆ ನೋಡುತ್ತಿತ್ತು. ಧ್ರುವದ ಕಡಲೆಲ್ಲ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತಿತ್ತು. 40 ಮೀಟರಿನ ಸಾರ್ ಮಾಡಲಾಗದ ಕೆಲಸ ಇದು.

2009ರ ನವೆಂಬರಿನಲ್ಲಿ ಕ್ವಿಕ್‌ಸ್ಕ್ಯಾಟ್ ಆಂಟೆನಾ ತಿರುಗುವುದನ್ನು ನಿಲ್ಲಿಸಿತು. ಆಮೇಲೆ ಇಸ್ರೋದ ಓಷನ್‌ಸ್ಯಾಟ್-2 ಮೇಲಿನ ಸ್ಕ್ಯಾಟರೋಮೀಟರ್ 2014ರವರೆಗೆ ನಡೆಯಿತು. ಯುರೋಪಿನ ಮೆಟಾಪ್ ಉಪಗ್ರಹಗಳ ಆಸ್ಕ್ಯಾಟ್ ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿದೆ. ದೌರ್ಬಲ್ಯ ಸಾರ್‌ಗೆ ಇರುವುದೇ. ಬೇಸಗೆಯಲ್ಲಿ ಮೇಲ್ಮೈ ಒದ್ದೆಯಾದರೆ ಚುಕ್ಕೆ ಮಾಯ. ಕೆಲವು ದಿನ ಬಿಟ್ಟು ಮತ್ತೆ ಹೆಪ್ಪುಗಟ್ಟಿದಾಗ ಚುಕ್ಕೆ ಮರಳುತ್ತದೆ, ಸ್ವಲ್ಪ ಆಚೆ. ಅದೇ ಬಂಡೆಯಾ ಎಂದು ಖಾತ್ರಿ ಮಾಡಿಕೊಳ್ಳಲು ಒಂದು ಸಾರ್ ಚಿತ್ರವೋ, ಮೋಡವಿಲ್ಲದ ಮೋಡಿಸ್ ಚಿತ್ರವೋ ಬೇಕು.

ಹೊಸಬರು ಸ್ಕ್ಯಾಟರೋಮೀಟರ್ ಮಾಹಿತಿಯನ್ನು ತಾವೇ ಸಂಸ್ಕರಿಸಲು ಹೋಗಬೇಡಿ. ಶ್ರಮ ಜಾಸ್ತಿ, ಫಲ ಕಡಿಮೆ. ಮೊದಲು ಹೇಳಿದ ಬ್ರಿಗಮ್ ಯಂಗ್ ದಾಖಲೆ ಇದರಿಂದಲೇ ಮಾಡಿದ್ದು. ಅದನ್ನು ಹಾಗೇ ಬಳಸಿ.

ದಪ್ಪ ಅಳೆಯಬೇಕೆಂದರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೇಲಿನಿಂದ ಕಾಣುವ ಆಕಾರ. ಬಂಡೆ ಎಷ್ಟು ಸಿಹಿನೀರನ್ನು ಕಡಲಿಗೆ ಸುರಿಯಿತು, ತಳ ತಾಗುತ್ತದೆಯಾ ಎನ್ನುವುದು ಬೇಕಾದರೆ ದಪ್ಪ ಗೊತ್ತಿರಬೇಕು. ಅದಕ್ಕೆ ಎತ್ತರ ಅಳೆಯುವ ಆಲ್ಟಿಮೀಟರ್ ಬೇಕು. ಆಯ್ಕೆ ಎರಡು. 2010ರಲ್ಲಿ ಹಾರಿದ ಯುರೋಪಿನ ಕ್ರಯೋಸ್ಯಾಟ್-2 ರೇಡಾರಿನಿಂದ ಅಳೆಯುತ್ತದೆ. 2018ರಲ್ಲಿ ಹಾರಿದ ನಾಸಾದ ಐಸ್‌ಸ್ಯಾಟ್-2 ಆರು ಲೇಸರ್ ಕಿರಣಗಳಿಂದ ಅಳೆಯುತ್ತದೆ. ಲೇಸರಿನದು ಬಲು ಸೂಕ್ಷ್ಮ, ಹನ್ನೊಂದು ಹನ್ನೆರಡು ಮೀಟರಿನ ಚುಕ್ಕೆ. ಆದರೆ ದಟ್ಟ ಮೋಡ ಅದನ್ನು ತಡೆಯುತ್ತದೆ. ರೇಡಾರ್ ಮೋಡ ದಾಟುತ್ತದೆ, ಆದರೆ ಅದರ ಹೆಜ್ಜೆಗುರುತು ನೂರಾರು ಮೀಟರ್. ಬಂಡೆಯ ಅಂಚಿನ ಹತ್ತಿರ ನೀರೂ ಮಂಜುಗಡ್ಡೆಯೂ ಬೆರೆತುಹೋಗುತ್ತವೆ.

ಎರಡರಲ್ಲೂ ತೊಡಕು ಒಂದೇ. ಇವು ತೆಳು ಗೆರೆಯ ಮೇಲೆ ಮಾತ್ರ ಅಳೆಯುತ್ತವೆ. ಬಂಡೆ ಆ ಹೊತ್ತಿಗೆ ಆ ಗೆರೆಯ ಕೆಳಗಿರಬೇಕು. ಇದ್ದರೂ, ಗೆರೆ ಬಂಡೆಯ ಯಾವ ಭಾಗದ ಮೇಲೆ ಹೋಯಿತು ಎಂದು ತಿಳಿಯಬೇಕು. ಬಂಡೆ ತಿರುಗುತ್ತಿರುತ್ತದಲ್ಲ! ಹೋದ ಸಲ ದಪ್ಪ ತುದಿಯ ಮೇಲೆ, ಈ ಸಲ ತೆಳು ತುದಿಯ ಮೇಲೆ ಹಾದು ಹೋಗಿದ್ದರೆ 'ಕರಗಿತು' ಎನ್ನುವ ತಪ್ಪು ಲೆಕ್ಕ ಸಿಗುತ್ತದೆ. ಹಾಗಾಗಿ ಆಲ್ಟಿಮೀಟರ್ ಒಂಟಿಯಾಗಿ ನಡೆಯುವ ಕೆಲಸವಲ್ಲ. ಅದೇ ಹೊತ್ತಿನ ಚಿತ್ರ ಜೊತೆಗಿರಬೇಕು.

ಅಳೆಯುವುದು ನೀರಿನ ಮೇಲಿನ ಎತ್ತರವನ್ನು. ಅದರಿಂದ ಇಡೀ ದಪ್ಪ ಲೆಕ್ಕ ಹಾಕುತ್ತಾರೆ. ಮೇಲೆ ಕಾಣುವುದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಆದ್ದರಿಂದ ಎತ್ತರದಲ್ಲಿ 1 ಮೀಟರ್ ತಪ್ಪಿದರೆ ದಪ್ಪದಲ್ಲಿ ಎಂಟು ಒಂಬತ್ತು ಮೀಟರ್ ತಪ್ಪುತ್ತದೆ. ಮೇಲಿನ ಹಿಮದ ಪದರ ಎಷ್ಟು ಸಡಿಲ ಎನ್ನುವುದರ ಮೇಲೂ ಲೆಕ್ಕ ನಿಂತಿದೆ. ಇಷ್ಟೆಲ್ಲ ಇದ್ದರೂ ಚೆನ್ನಾಗಿ ಮಾಡಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಎ68ಎ ಉದಾಹರಣೆ. ಎ68ರ ದೊಡ್ಡ ತುಂಡಾದ ಇದು 2020ರ ಕೊನೆಗೆ ದಕ್ಷಿಣ ಜಾರ್ಜಿಯಾ ದ್ವೀಪದ ಹತ್ತಿರ ಬಂತು. ಆಲ್ಟಿಮೀಟರ್ ಮತ್ತು ಚಿತ್ರಗಳನ್ನು ಜೋಡಿಸಿ ನೋಡಿದಾಗ, ಶುರುವಿನಲ್ಲಿ ಸರಾಸರಿ 235 ಮೀಟರ್ ದಪ್ಪ ಇದ್ದ ಬಂಡೆಯ ದಪ್ಪದಲ್ಲಿ 67 ಮೀಟರ್ ಕಡಿಮೆಯಾಗಿತ್ತು. ದ್ವೀಪದ ಸುತ್ತ ಮೂರು ತಿಂಗಳಲ್ಲಿ ಅದು ಸುರಿದ ಸಿಹಿನೀರು 152 ಶತಕೋಟಿ ಟನ್. ದ್ವೀಪದ ಸುತ್ತಲಿನ ಕಡಲ ಜೀವಿಗಳ ಮೇಲೆ ಇದರ ಪರಿಣಾಮ ಲೆಕ್ಕ ಹಾಕುವವರಿಗೆ ಈ ಸಂಖ್ಯೆಯೇ ಮುಖ್ಯ. ವಿಸ್ತೀರ್ಣ ಮಾತ್ರ ನೋಡಿದ್ದರೆ ಇದು ಸಿಗುತ್ತಿರಲಿಲ್ಲ.

ಉತ್ತರ ಧ್ರುವದ ಕಡೆ ಲೆಕ್ಕ ಬೇರೆ

ಗ್ರೀನ್‌ಲ್ಯಾಂಡಿನ ಹಿಮನದಿಗಳಿಂದ ಬರುವ ಬಂಡೆಗಳು ಹೆಚ್ಚಾಗಿ ಚಿಕ್ಕವು. ಹತ್ತಾರು ಮೀಟರಿನಿಂದ ನೂರಾರು ಮೀಟರ್. ಸ್ಕ್ಯಾಟರೋಮೀಟರಿಗೆ ಇವು ಕಾಣುವುದೇ ಇಲ್ಲ. ಇಲ್ಲಿ ಸಾರ್ ಬೇಕು. ಸಾರ್‌ನಲ್ಲೂ ಬಂಡೆ ಒಂದು ಹೊಳೆಯುವ ಚುಕ್ಕೆ, ಹಡಗೂ ಒಂದು ಹೊಳೆಯುವ ಚುಕ್ಕೆ. ಹಡಗುಗಳು ತಾವಿರುವ ಜಾಗವನ್ನು ಸಾರುವ ಎಐಎಸ್ ಸಂಕೇತದ ಜೊತೆ ತಾಳೆ ನೋಡಿ ಎರಡನ್ನೂ ಬೇರ್ಪಡಿಸುತ್ತಾರೆ. ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಐಸ್ ಪೆಟ್ರೋಲ್ ಉತ್ತರ ಅಟ್ಲಾಂಟಿಕ್ ಕಡಲನ್ನು ಕಾಯುತ್ತದೆ. ಅಲ್ಲಿ ಉಪಗ್ರಹದ ಜೊತೆ ವಿಮಾನವೂ ದುಡಿದಿದೆ.

ದೊಡ್ಡವು ಇಲ್ಲವೇ ಇಲ್ಲ ಎಂದಲ್ಲ. 2010ರ ಆಗಸ್ಟ್‌ನಲ್ಲಿ ಪೀಟರ್‌ಮನ್ ಹಿಮನದಿಯಿಂದ 250 ಚದರ ಕಿಲೋಮೀಟರಿನಷ್ಟು ದೊಡ್ಡ ಬಂಡೆ ಕಳಚಿತು. ಅದರ ಒಂದು ತುಂಡು ಮರುವರ್ಷ ನ್ಯೂಫೌಂಡ್‌ಲ್ಯಾಂಡ್ ತನಕ ಬಂದಿತ್ತು. ಅಂಥದ್ದಕ್ಕೆ ಅಂಟಾರ್ಕ್ಟಿಕಾದ ವಿಧಾನಗಳೇ ಸಾಕು.

ನಕ್ಷೆಯ ಆಯ್ಕೆಯೂ ಒಂದು ಆಯ್ಕೆ

ಉಪಗ್ರಹ ಸರಿಯಾಗಿ ಆರಿಸಿ, ನಕ್ಷೆಯಲ್ಲಿ ಎಡವುವವರು ಬಹಳ. ಮಾಮೂಲಿ ವೆಬ್ ನಕ್ಷೆಗಳು ಮರ್ಕೇಟರ್ ಪ್ರೊಜೆಕ್ಷನ್ನಿನವು, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ಕ್ರಮದವು. ಅದರಲ್ಲಿ 75 ಡಿಗ್ರಿ ದಕ್ಷಿಣದ ಬಂಡೆ ನಿಜಕ್ಕಿಂತ ಸುಮಾರು 15 ಪಟ್ಟು ದೊಡ್ಡದಾಗಿ ಕಾಣುತ್ತದೆ. 60 ಡಿಗ್ರಿಗೆ ಬಂದಾಗ 4 ಪಟ್ಟು. ಒಂದು ಚೂರೂ ಕರಗದೆ ಉತ್ತರಕ್ಕೆ ತೇಲಿದ ಬಂಡೆ ನಕ್ಷೆಯ ಮೇಲೆ ಕಾಲು ಭಾಗಕ್ಕೆ ಕುಗ್ಗಿದ ಹಾಗೆ ಕಾಣುತ್ತದೆ!

ಅಂಟಾರ್ಕ್ಟಿಕಾಕ್ಕೆ ಬಳಸುವುದು ಇಪಿಎಸ್‌ಜಿ 3031 ಎಂಬ ಪೋಲಾರ್ ಸ್ಟೀರಿಯೊಗ್ರಾಫಿಕ್ ನಕ್ಷೆ. ಜಾಡು ಬಿಡಿಸಲು ಅದು ಚೆನ್ನ. ಆದರೆ ಅದರಲ್ಲಿ ಅಳತೆ ಸರಿಯಾಗಿರುವುದು 71 ಡಿಗ್ರಿಯ ಹತ್ತಿರ. 54 ಡಿಗ್ರಿಯ ದಕ್ಷಿಣ ಜಾರ್ಜಿಯಾ ಹತ್ತಿರ ವಿಸ್ತೀರ್ಣ ಸುಮಾರು ಶೇ 15ರಷ್ಟು ಜಾಸ್ತಿ ಬರುತ್ತದೆ. ವಿಸ್ತೀರ್ಣ ಹೇಳಬೇಕೆಂದರೆ ಸಮ-ವಿಸ್ತೀರ್ಣದ ಪ್ರೊಜೆಕ್ಷನ್ನಿಗೆ ಬದಲಾಯಿಸಿ ಅಳೆಯಿರಿ. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಇದು ಎರಡು ಕ್ಲಿಕ್ಕಿನ ಕೆಲಸ.

ಯಾರಿಗೆ ಯಾವುದು

ಸುದ್ದಿ ಓದಿ ಕುತೂಹಲ ಹುಟ್ಟಿದವರಿಗೆ ವಾರದ ಪಟ್ಟಿ ಮತ್ತು ವರ್ಲ್ಡ್‌ವ್ಯೂ ಸಾಕು. ಪಟ್ಟಿಯಿಂದ ಜಾಗ ತೆಗೆದುಕೊಂಡು, ಆ ದಿನದ ಚಿತ್ರ ತೆರೆದು, ಮೋಡವಿದ್ದರೆ ಒಂದೆರಡು ದಿನ ಹಿಂದೆ ಮುಂದೆ ಹೋಗಿ. ಒಂದು ಬಂಡೆಯ ಕಥೆ ಬರೆಯಬೇಕೆಂದಿರುವ ವಿದ್ಯಾರ್ಥಿಗೆ ನಾನು ಹೇಳುವುದು ಸೆಂಟಿನೆಲ್-1. ವಾರಕ್ಕೊಂದು ಚಿತ್ರ, ಕೈಯಿಂದ ಎಳೆದ ಅಂಚು. ನಡುವಿನ ಖಾಲಿ ದಿನಗಳಿಗೆ ಮೋಡಿಸ್ ಅಥವಾ ವಿಯರ್ಸ್. ಹಲವು ದಶಕಗಳ ದಾರಿ ಬೇಕಾದವರಿಗೆ ಸ್ಕ್ಯಾಟರೋಮೀಟರ್ ದಾಖಲೆ. ಕರಗಿದ ನೀರಿನ ಲೆಕ್ಕ ಬೇಕಾದವರು ಆಲ್ಟಿಮೀಟರಿಗೆ ಇಳಿಯಲೇಬೇಕು, ಅದೂ ಸಾರ್ ಕಲಿತ ಮೇಲೆ.

ಬಂಡೆ ಒಡೆಯಲು ಶುರುವಾದಾಗ ಈ ಆಯ್ಕೆಗಳೆಲ್ಲ ಮತ್ತೆ ಬದಲಾಗುತ್ತವೆ. ಎ23ಎ 2025ರ ಮಾರ್ಚ್‌ನಲ್ಲಿ ದಕ್ಷಿಣ ಜಾರ್ಜಿಯಾ ಹತ್ತಿರ ತಳ ತಾಗಿ ನಿಂತಿತು. ಮೇ ಕೊನೆಗೆ ಮತ್ತೆ ಹೊರಟು, ಕೆಲವು ತಿಂಗಳಲ್ಲಿ ದೊಡ್ಡ ದೊಡ್ಡ ತುಂಡುಗಳಾಗಿ ಒಡೆಯಿತು. ಇಂಥ ಹೊತ್ತಿನಲ್ಲಿ ದೊಡ್ಡ ತುಂಡುಗಳಿಗೆ ಹೊಸ ಹೆಸರು ಬರುತ್ತದೆ. ಉಳಿದ ಸಾವಿರಾರು ಚೂರುಗಳಿಗೆ ಹೆಸರಿಲ್ಲ. ಸ್ಕ್ಯಾಟರೋಮೀಟರಿಗೆ ಅವು ಕಾಣುವುದಿಲ್ಲ, ಮೋಡಿಸ್‌ನಲ್ಲಿ ಬಿಳಿ ಪುಡಿ ಚೆಲ್ಲಿದಂತೆ ಕಾಣುತ್ತವೆ, ಸಾರ್‌ನಲ್ಲಿ ಶಾಂತ ಕಡಲಿದ್ದ ದಿನ ಮಾತ್ರ ಎಣಿಸಬಹುದು. ಹಡಗಿಗೆ ದೊಡ್ಡ ಅಪಾಯ ಈ ಚೂರುಗಳೇ, ಯಾಕೆಂದರೆ ದೈತ್ಯ ಬಂಡೆಯನ್ನು ಹಡಗಿನ ರೇಡಾರ್ ದೂರದಿಂದಲೇ ಹಿಡಿಯುತ್ತದೆ. ಆ ಕಡಲಲ್ಲಿ ನಿಜವಾಗಿ ಹಡಗು ನಡೆಸುವವರು ತಾವೇ ಇಳಿಸಿಕೊಂಡ ಚಿತ್ರ ನಂಬಿ ಹೊರಡಬಾರದು. ಹಿಮ ಸೇವಾ ಕೇಂದ್ರಗಳು ಹೊರಡಿಸುವ ಅಧಿಕೃತ ನಕ್ಷೆ, ಎಚ್ಚರಿಕೆಗಳನ್ನೇ ಅನುಸರಿಸಬೇಕು.